ಬೀಗದ ಕೈ

ಹೊಳೆದಂಡೆಯ ಆ ಮಠಕ್ಕೆ ಬಾಗಿಲು ಇರಲಿಲ್ಲ. ಹಾಗಾಗಿ ಶಿವಮಲ್ಲು ದಡಬಡನೆ ಒಳಗೆ ನುಗ್ಗಿದಾಗ ಯಾವುದೂ ಅಡ್ಡ ಬರಲಿಲ್ಲ.

ಗುರುಗಳು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಾ ಕೂತಿದ್ದರು.

"ಬುದ್ಧಿ, ಸುತ್ತಿಗೆ ಬೇಕಿತ್ತು."

ಗುರುಗಳು ಕೈಯಲ್ಲಿದ್ದ ಸಣ್ಣ ಸುತ್ತಿಗೆಯನ್ನೇ ಮುಂದೆ ಚಾಚಿದರು.

"ಇದಲ್ಲ. ಕಲ್ಲೊಡೆಯೋ ದೊಡ್ಡದು."

"ಯಾವ ಕಲ್ಲು?"

"ಕಲ್ಲಲ್ಲ ಬುದ್ಧಿ, ಬೀಗ. ನನ್ನ ಮನೆ ಬೀಗ."

"ನಿನ್ನ ಮನೆ ಬೀಗವನ್ನ ನೀನೇ ಒಡೀತೀಯಾ?"

ಶಿವಮಲ್ಲು ಈ ಮಠದಲ್ಲೇ ಓದಿ ಬೆಳೆದವನು. ಅದನ್ನು ಹತ್ತು ಜನರಿಗೆ ಹೇಳಿಕೊಳ್ಳುವುದು ಅವನಿಗೆ ಇಷ್ಟ. ಈಚೆಗೆ ಪಕ್ಕದೂರಿನಲ್ಲಿ ಒಂದು ಮನೆ ಕೊಂಡಿದ್ದ. ಮಾರಿದ ಸೋಮಣ್ಣ ಮಗಳ ಊರಿಗೆ ಹೊರಡುವಾಗ, ಎಲ್ಲರೂ ಮಾಡುವ ಹಾಗೆ, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದ.

"ಪಕ್ಕದ್ಮನೆ ಚಿಕ್ಕತಾಯಮ್ಮನ ಹತ್ರ ಐತೆ ಬುದ್ಧಿ. ನಿನ್ನೆ ಕೇಳಿದ್ರೆ, ಕೈ ಸಿಕ್ತಿಲ್ಲ ಕಣಪ್ಪ ಅಂದ್ಲು. ಇವತ್ತು ಗಾಡಿ ತುಂಬ ಸಾಮಾನು ಹೇರ್ಕೊಂಡೇ ಹೋದೆ. ಈಗಲೂ ಅದೇ ಮಾತು. ಹುಡುಕ್ತಾ ಇವ್ನಿ ಅಂತಾಳೆ, ಕೂತ ಜಾಗದಿಂದ ಏಳಲ್ಲ!"

"ಹೆಂಡ್ತಿ ಮಕ್ಕಳು ಎಲ್ಲವ್ರೆ?"

"ಬೀದೀಲಿ ಕೂತವ್ರೆ. ಬಾಡಿಗೆ ಮನೆ ಬಿಟ್ಟಾಯ್ತು, ಅಲ್ಲಿಗೆ ಬೇರೆಯೋರು ಬಂದೂ ಆಯ್ತು. ಹೊತ್ತು ಮುಳುಗೋದ್ರೊಳಗೆ ಹಾಲುಕ್ಕಿಸಬೇಕು. ರಾಜಮ್ಮಣ್ಣಿ ಹಾಲಿನ ಪಾತ್ರೆ ತೊಡೆ ಮೇಲಿಟ್ಕೊಂಡು ಅಳ್ತಾವಳೆ ಬುದ್ಧಿ."

"ಬೀಗ ಎಲ್ಲಿದೆ?"

"ನನ್ನ ಬಾಗಿಲಲ್ಲಿ."

"ಕೈ?"

"ಆಯಮ್ಮನ ಹತ್ರ."

"ಸರಿ. ಸೌದೆ ಮನೇಲಿ ಸುತ್ತಿಗೆ ಇದೆ, ತಗೋ. ನಾನೂ ಬರ್ತೀನಿ."

ಬೈಗುಳ ಬೀಳುತ್ತದೆ ಎಂದುಕೊಂಡಿದ್ದ ಶಿವಮಲ್ಲುವಿಗೆ ಆನೆಬಲ ಬಂತು. ಗುರುಗಳೇ ಜೊತೆಗೆ ಹೊರಟ ಮೇಲೆ ಇನ್ನೇನು! ಸುತ್ತಿಗೆ ಹೆಗಲಿಗೇರಿಸಿ ದಾಪುಗಾಲು ಹಾಕಿದ.

"ಬೀಗ ಒಡೆದ ಮೇಲೆ ಏನ್ಮಾಡ್ತೀಯಾ?" ದಾರಿಯಲ್ಲಿ ಗುರುಗಳು ಕೇಳಿದರು.

"ಒಳಗೆ ಹೋಯ್ತೀನಿ."

"ಆಮೇಲೆ?"

"ಹಾಲುಕ್ಕಿಸ್ತೀನಿ."

"ಆಮೇಲೆ?"

"ಅಲ್ಲೇ ಇರ್ತೀನಿ ಬುದ್ಧಿ, ಸಾಯೋಗಂಟ."

"ಚಿಕ್ಕತಾಯಮ್ಮ?"

"ಆಯಮ್ಮನೂ ಪಕ್ಕದಲ್ಲೇ ಇರ್ತಾಳೆ."

ಅಷ್ಟು ಹೇಳಿದ ಮೇಲೆ ಸುತ್ತಿಗೆ ಯಾಕೋ ಭಾರವೆನ್ನಿಸಿತು. ಹೆಗಲು ಬದಲಿಸಿಕೊಂಡ.

ಮನೆ ಮುಂದೆ ಗಾಡಿ ನಿಂತಿತ್ತು. ಬೇವಿನ ಮರದ ಕೆಳಗೆ ಹಾಸಿಗೆ ಸುರುಳಿ, ಪಾತ್ರೆಗಳ ನಡುವೆ ಮಕ್ಕಳು ತೂಕಡಿಸುತ್ತಿದ್ದರು. ಗಂಡನ ಹೆಗಲ ಮೇಲಿದ್ದುದನ್ನು ನೋಡಿ ರಾಜಮ್ಮಣ್ಣಿ ಎದ್ದು ನಿಂತಳು.

"ಹಾಲುಕ್ಕಿಸೋ ದಿನ ಬಾಗಿಲಿಗೆ ಸುತ್ತಿಗೇನಾ?"

ಶಿವಮಲ್ಲು ಬಾಗಿಲ ಕಡೆ ನಡೆದ. ಗುರುಗಳು ಮಾತ್ರ ಆ ಬಾಗಿಲನ್ನು ದಾಟಿ ಹೋಗಿ ಪಕ್ಕದ ಮನೆಯ ಜಗುಲಿಯ ಮೇಲೆ ಕೂತುಬಿಟ್ಟರು.

"ತಾಯಿ, ಬಾಯಾರಿದೆ. ಒಂದಿಷ್ಟು ನೀರು ಕೊಡವ್ವ."

ಚಿಕ್ಕತಾಯಮ್ಮ ಹೊರಗೆ ಬಂದಳು. ಆಳು ಗಟ್ಟಿ, ಮಾತೂ ಗಟ್ಟಿ ಎಂದು ಊರೆಲ್ಲ ಹೇಳುವ ಹೆಂಗಸು. ಈಗ ಮಾತ್ರ ಅವಳ ದನಿ ತಗ್ಗಿತ್ತು.

"ನಮ್ಮನೆ ನೀರು ನಿಮಗಾದಾತಾ ಬುದ್ಧಿ? ನಿಮ್ಮ ಶಿಷ್ಯರಿಗೇ ಆಗ್ಲಿಲ್ಲ."

"ಹೌದಾ? ಯಾವಾಗ?"

"ಮನೆ ನೋಡಕ್ಕೆ ಬಂದಿದ್ರಲ್ಲ, ಆವತ್ತು. ಅಕ್ಕಪಕ್ಕ ಇರೋರಾಯ್ತಾರೆ ಅಂತ ನಾನೇ ಬೆಲ್ಲ ನೀರು ತಂದೆ. ನಾವು ಮಠದೋರು, ಎಲ್ಲರ ಮನೇಲೂ ನೀರು ಮುಟ್ಟಲ್ಲ ಅಂದ್ರು. ಬೀದಿಯೆಲ್ಲ ನೋಡ್ತಿತ್ತು ಬುದ್ಧಿ. ನಾನು ಚೊಂಬು ಹಿಡ್ಕೊಂಡು ಹಂಗೇ ನಿಂತಿದ್ದೆ."

ಗುರುಗಳು ಶಿವಮಲ್ಲುವಿನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಗೊತ್ತಿಲ್ಲದವರ ಹಾಗೆ ಕೇಳಿದರು.

"ಅದ್ಯಾವ ಮಠ, ಶಿವಮಲ್ಲು?"

ಅವನು ತಲೆ ತಗ್ಗಿಸಿದ. ಹಾಗೆ ಅಂದಿದ್ದು ಅವನಿಗೆ ನೆನಪೇ ಇರಲಿಲ್ಲ. ಅವನು ಅಂದು, ಕೊಡವಿಕೊಂಡು, ಮುಂದೆ ಹೋಗಿದ್ದ. ಅವಳು ಅಲ್ಲೇ ನಿಂತಿದ್ದಳು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಚಿಕ್ಕತಾಯಮ್ಮ ಒಳಗಿನಿಂದ ಚೊಂಬು ತುಂಬ ನೀರು, ಒಂದು ಅಚ್ಚು ಬೆಲ್ಲ ತಂದಳು. ಗುರುಗಳು ಬೆಲ್ಲ ಬಾಯಿಗೆ ಹಾಕಿಕೊಂಡು ಬೊಗಸೆ ಒಡ್ಡಿದರು. ಗಡ್ಡವೆಲ್ಲ ನೆನೆಯುವ ಹಾಗೆ ಕುಡಿದರು.

"ಸಿಹಿ ನೀರು. ಯಾವ ಬಾವೀದವ್ವ?"

"ಇದೇ ಬೀದಿ ಬಾವೀದು ಬುದ್ಧಿ. ಇನ್ಮೇಲೆ ಅವರೂ ಇದನ್ನೇ ಕುಡೀಬೇಕು."

ಶಿವಮಲ್ಲು ಮುಂದೆ ಬಂದು ಬಲಗೈ ಒಡ್ಡಿದ. ಎಡಗೈ ಇನ್ನೂ ಹೆಗಲ ಮೇಲಿನ ಸುತ್ತಿಗೆಯನ್ನು ಹಿಡಿದೇ ಇತ್ತು.

"ಅಕ್ಕ, ನಂಗೂ."

ಅವಳು ಚೊಂಬು ಬಗ್ಗಿಸಲಿಲ್ಲ.

"ಒಂದ್ ಕೈಲಿ ನೀರು ನಿಲ್ಲಲ್ಲ ಕಣಪ್ಪ."

ಅವನು ಸುತ್ತಿಗೆಯನ್ನು ನೆಲಕ್ಕಿಟ್ಟು ಎರಡೂ ಕೈ ಕೂಡಿಸಿದ. ಅವಳು ಸುರಿದಳು. ಕುಡಿದ.

"ತಪ್ಪಾಯ್ತಕ್ಕ." ಎಂದ.

ಅವಳೇನೂ ಅಷ್ಟಕ್ಕೇ ಕರಗಲಿಲ್ಲ. "ಬೀದಿಗೆ ಕಾಣಿಸ್ತಾ, ಮಠದೋರು ನಮ್ಮನೇಲಿ ನೀರು ಕುಡಿದಿದ್ದು?"

"ಕಾಣಿಸ್ದೆ ಇದ್ರೆ ಇನ್ನೊಂದು ಚೊಂಬು ತಾ ಅಕ್ಕ, ನಡುಬೀದೀಲಿ ನಿಂತ್ಕೊಂಡು ಕುಡೀತೀನಿ."

ಚಿಕ್ಕತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. ಮರದ ಕೆಳಗಿದ್ದ ರಾಜಮ್ಮಣ್ಣಿಯೂ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಚಿಕ್ಕತಾಯಮ್ಮ ಸೊಂಟಕ್ಕೆ ಕೈ ಹಾಕಿ, ಸೆರಗಿನಡಿ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ತೆಗೆದು ಅವನ ಒದ್ದೆ ಬೊಗಸೆಯಲ್ಲಿಟ್ಟಳು.

"ಸಿಕ್ತು ಕಣಪ್ಪ, ಕೈ."

ಬೀಗ ಒಂದೇ ತಿರುವಿಗೆ ತೆರೆದುಕೊಂಡಿತು. ರಾಜಮ್ಮಣ್ಣಿ ಬಲಗಾಲಿಟ್ಟು ಒಳಗೆ ಹೋದಳು. ಹೊಸ ಒಲೆಗೆ ಬೆಂಕಿ ಪಕ್ಕದ ಮನೆಯ ಒಲೆಯಿಂದಲೇ ಬಂತು. ಹಾಲು ಉಕ್ಕಿ ಚೆಲ್ಲಿದಾಗ ಮಕ್ಕಳು ಹೋ ಎಂದು ಕೂಗಿದರು. ಮೊದಲ ಲೋಟವನ್ನು ರಾಜಮ್ಮಣ್ಣಿ ಗುರುಗಳಿಗೆ ಹಿಡಿದಳು. ಅವರು ಅದನ್ನು ಚಿಕ್ಕತಾಯಮ್ಮನ ಕೈಗೆ ದಾಟಿಸಿದರು.

ಹೊರಡುವ ಹೊತ್ತಿಗೆ ಶಿವಮಲ್ಲು ಬಾಗಿಲ ತನಕ ಬಂದ. ಅವನ ಮುಖದಲ್ಲಿ ಯಜಮಾನಿಕೆಯ ಕಳೆ ಬಂದಾಗಿತ್ತು. ಬೀಗದ ಕೈಯನ್ನು ಉಡಿದಾರಕ್ಕೆ ಬಿಗಿಯಾಗಿ ಕಟ್ಟಿಕೊಂಡಿದ್ದ.

"ನಾಳೆಯಿಂದ ನಾವೆಲ್ಲ ಕೆಲಸಕ್ಕೆ ಹೋಯ್ತೀವಿ ಬುದ್ಧಿ. ಆದ್ರೆ ಇನ್ಮೇಲೆ ಈ ಕೈನ ಯಾರ ಹತ್ರಾನೂ ಬಿಡಾಕಿಲ್ಲ. ಇವತ್ತು ಬುದ್ಧಿ ಬಂತು."

ಗುರುಗಳು ನೆಲದಲ್ಲಿದ್ದ ಸುತ್ತಿಗೆಯನ್ನು ತಾವೇ ಎತ್ತಿ ಹೆಗಲಿಗೇರಿಸಿಕೊಂಡರು.

"ಬೀಗ ನಿನ್ನ ಬಾಗಿಲಲ್ಲಿರಲಿ," ಎಂದರು. "ಕೈ ಆಯಮ್ಮನ ಹತ್ರಾನೇ ಇರಲಿ."