ಮೂಲೆಗೆ ತುಂಬಿದ ಅರಳೆ

ಸತ್ತ ಮಗಳು ಸ್ಪೀಕರಿನ ಪೆಟ್ಟಿಗೆಯೊಳಗಿಂದ ಅಪ್ಪನನ್ನು ಮಾತಾಡಿಸಿದಳು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಪೆಟ್ಟಿಗೆ ಆನೆಯಷ್ಟಿತ್ತು ಎಂದೂ, ಅದಕ್ಕೆ ಮಾತು ಬರಿಸಿದವನು ಪಿಂಜಾರರ ದಾವಲಸಾಬ ಎಂದೂ ಹೇಳುತ್ತಿದ್ದಳು. ಆನೆಯಷ್ಟಿದ್ದ ಪೆಟ್ಟಿಗೆ ಬಾಗಿಲಲ್ಲಿ ಹೇಗೆ ಹಿಡಿಸಿತು ಎಂದು ಕೇಳಿದರೆ, "ಕೇಳೂದಿದ್ರ ಸುಮ್ಮಕ ಕೇಳು, ಇಲ್ಲಾಂದ್ರ ಹೋಗಿ ಅಭ್ಯಾಸ ಮಾಡು," ಎನ್ನುತ್ತಿದ್ದಳು. ನಾನು ಸುಮ್ಮನೆ ಕೇಳಿದೆ, ನಂಬಲಿಲ್ಲ. ಆದರೂ ಮೊದಲು ಅವಳು ಹೇಳಿದಂತೆಯೇ ಹೇಳುತ್ತೇನೆ.

ಬಹಳ ಹಿಂದೆ, ಎರೆಮಣ್ಣಿನ ಸೀಮೆಯ ಒಂದೂರಿನಲ್ಲಿ, ಅಂದಾನಪ್ಪನೆಂಬ ಹತ್ತಿ ವ್ಯಾಪಾರಿ ಇದ್ದನಂತೆ. ಅವನಿಗೆ ಒಬ್ಬಳೇ ಮಗಳು, ನೀಲಗಂಗಾ. ಅವಳು ಹಾಡಿದರೆ ಹತ್ತಿ ತೂಗುವವರು ತಕ್ಕಡಿಯನ್ನೇ ಮರೆಯುತ್ತಿದ್ದರಂತೆ. ಎದೆಬೇನೆ ಬಂದು ಅವಳು ಹರೆಯದಲ್ಲೇ ಹೋದಳು. ಅಪ್ಪನ ಬಳಿ ಉಳಿದದ್ದು, ಮನೆಯ ಪಡಸಾಲೆಯಲ್ಲಿ ಅವಳು ತಂಬೂರಿ ಹಿಡಿದು ಹಾಡಿದ್ದ ಒಂದು ಟೇಪು ಮಾತ್ರ.

ವರ್ಷಗಳು ಸರಿದವು. ಮಗಳ ಮುಖ ಅಂದಾನಪ್ಪನಿಗೆ ನೆನಪಿತ್ತು. ದನಿ ಮರೆಯುತ್ತ ಬಂದಿತ್ತು. ಆ ಭಯಕ್ಕೇ ಅವನು ಕಡಲಾಚೆಯಿಂದ ದೊಡ್ಡ ಸ್ಪೀಕರುಗಳನ್ನು ತರಿಸಿದನಂತೆ. ಪಡಸಾಲೆಯ ಎರಡು ಮೂಲೆಗಳಲ್ಲಿ ಅವನ್ನು ನಿಲ್ಲಿಸಿ, ಎದುರಿನ ಗೋಡೆಗೆ ಕುರ್ಚಿ ಹಾಕಿಕೊಂಡು ಕುಳಿತನಂತೆ. ಆದರೆ ತಂಬೂರಿಯ ಖರ್ಜದ ತಂತಿ, ಎಲ್ಲಕ್ಕಿಂತ ಕೆಳಗಿನ ದನಿಯದು, ಮಿಡಿದಾಗಲೆಲ್ಲ ಪಡಸಾಲೆ ಕೋಣ ಒದರಿದಂತೆ ಒದರುತ್ತಿತ್ತು. ಕಿಟಕಿ ನಡುಗುತ್ತಿತ್ತು, ದೇವರ ಮನೆಯ ತಟ್ಟೆ ನಡುಗುತ್ತಿತ್ತು, ಮಗಳ ದನಿ ಅದರಡಿ ಮುಳುಗುತ್ತಿತ್ತು. ಇನ್ನೂ ದೊಡ್ಡವನ್ನು ತರಿಸಿದನಂತೆ. ಪೆಟ್ಟಿಗೆ ದೊಡ್ಡದಾದಷ್ಟೂ ಕೋಣವೂ ದೊಡ್ಡದಾಯಿತಂತೆ.

ಆ ಹೊತ್ತಿಗೆ ದಾವಲಸಾಬ ಬೀದಿಗೆ ಬಂದ. ಅವನದು ಗಾದಿ ಹೊಲಿಯುವ, ಹಳೆಯ ಅರಳೆ ಹಿಂಜಿ ಕೊಡುವ ಕಸುಬು. ಹೆಗಲ ಮೇಲೆ ಹಿಂಜುವ ಬಿಲ್ಲು. ಅದರ ನರದ ಹುರಿಗೆ ಗಾಳಿ ತಾಕಿದರೂ ಗುಂಯ್ಗುಡುತ್ತಿತ್ತಂತೆ. ಯಾವ ಮನೆಯಲ್ಲಿ ಬಿಲ್ಲು ಹೇಗೆ ದನಿಗೊಡುತ್ತದೆ ಎಂಬುದು ಅವನಿಗೆ ಕಣ್ಣುಮುಚ್ಚಿದರೂ ತಿಳಿಯುತ್ತಿತ್ತಂತೆ. ಅಂದಾನಪ್ಪನ ಮನೆಯ ಗಾದಿಗೆಂದು ಒಳಗೆ ಬಂದವನು ಪಡಸಾಲೆಯ ನಡುವೆ ಒಮ್ಮೆ ಹುರಿ ಮೀಟಿದ. ಮೂಲೆಗೆ ಹೋಗಿ ಮೀಟಿದ. ಗೋಡೆಗೆ ಕಿವಿ ಹಚ್ಚಿ ಮತ್ತೆ ಮೀಟಿದ.

"ಪೆಟಗಿ ತಪ್ಪಲ್ರೀ ಧಣ್ಯಾರ," ಎಂದನಂತೆ. "ಮೂಲಿ ತಪ್ಪು. ದನಿ ಅಲ್ಲಿ ಕುಂತು ಉಬ್ಬತೈತಿ."

ಗಟ್ಟಿಯಾಗಿ ಬಿಗಿದ ಅಂಡಿಗೆ ಮೂಟೆಯ ಹತ್ತಿ ಇದಕ್ಕೆ ಬಾರದು, ಹಿಂಜಿ ಹಗುರಾದ ಅರಳೆಯೇ ಬೇಕು ಎಂದನಂತೆ. ಅವನು ಹಿಂಜತೊಡಗಿದರೆ ಬೀದಿಯ ಬೇವಿನ ಮರ ಬೆಳ್ಳಗಾಯಿತಂತೆ. ನೆಲದಿಂದ ತೊಲೆಯವರೆಗೆ ಮುಟ್ಟುವ, ತಬ್ಬಿದರೆ ತೆಕ್ಕೆಗೆ ಸಿಗದ ಲೋಡುದಿಂಬುಗಳನ್ನು ಹೊಲಿದನಂತೆ. ದಾರಿಹೋಕರು ಇಣುಕಿ ನೋಡಿ ನಕ್ಕರು.

"ಏನೋ ದಾವಲ್ಯಾ, ಪೆಟಗಿಗೂ ಗಾದಿ ಹಾಸ್ತೀಯೇನು?"

"ಪೆಟಗಿಗಲ್ರೀ, ಗ್ವಾಡಿಗೆ. ಅದಕ್ಕೂ ನಿದ್ದಿ ಬೇಕಲ್ಲ."

ಮೂಲೆಗಳಿಗೆ ಲೋಡು ತುಂಬಿ, ಸ್ಪೀಕರುಗಳನ್ನು ಅಲ್ಲಿಂದ ಮುಂದಕ್ಕೆ ಎಳೆಸಿ, ಅಂದಾನಪ್ಪನ ಕುರ್ಚಿಯನ್ನು ಗೋಡೆ ಬಿಡಿಸಿ ಹಾಕಿದ. ಟೇಪು ಸುತ್ತತೊಡಗಿತು. ಕೋಣ ಒದರಲಿಲ್ಲ. ತಂಬೂರಿ ತಂಬೂರಿಯಷ್ಟೇ ಆಯಿತು. ಅದರ ಮೇಲೆ, ಈಗ ತಾನೇ ಬಂದು ಕುಳಿತವಳಂತೆ, ನೀಲಗಂಗಾ ಹಾಡಿದಳಂತೆ. ಅಂದಾನಪ್ಪ ಅಳಲಿಲ್ಲವಂತೆ, ನಕ್ಕನಂತೆ. ಹಾಡು ಮುಗಿಯಿತು. ಆಗ ಪೆಟ್ಟಿಗೆಯೊಳಗಿಂದ ಸತ್ತ ಮಗಳು, "ಸಾಕಪ್ಪಾ," ಎಂದಳಂತೆ.

ಅಂದಾನಪ್ಪ ಎದ್ದು ಯಂತ್ರ ನಿಲ್ಲಿಸಿದನಂತೆ. ಮಗಳು ಸ್ವರ್ಗದಿಂದ ಬಂದು ಅಪ್ಪನ ದುಃಖಕ್ಕೆ ಸಾಕೆಂದಳು, ಎನ್ನುವುದು ಅಜ್ಜಿಯ ಅರ್ಥ. ಆದರೆ ದುಃಖ ಕಳೆದವನಂತೆ ಅವನು ನಡೆದುಕೊಳ್ಳಲಿಲ್ಲ. ಪಡಸಾಲೆಗೆ ಬೀಗ ಹಾಕಿಸಿದ, ಬದುಕಿರುವವರೆಗೆ ತೆಗೆಸಲಿಲ್ಲ. ದಾವಲಸಾಬನಿಗೆ ಕೇಳಿದ್ದು ಏನೋ, ಅವನು ಯಾರಿಗೂ ಹೇಳಲಿಲ್ಲ. "ಮೂಲಿ ಹಂಗ ಬಿಡಬೇಕಿತ್ತು," ಎಂದಷ್ಟೇ ಹೆಂಡತಿಯ ಮುಂದೆ ಅಂದನಂತೆ. ಅಂದಿನಿಂದ ಆ ಮನೆಯ ಮುಂದೆ ಹಾಯುವಾಗ ಹುರಿ ಮಿಡಿಯದಂತೆ ಅದರ ಮೇಲೆ ಅಂಗೈ ಇಟ್ಟುಕೊಂಡು ಹೋಗುತ್ತಿದ್ದನಂತೆ.

ಈಗ ಬಿಲ್ಲು ಹೊತ್ತು ಬರುವವರಿಲ್ಲ. ಅರಳೆ ಯಂತ್ರದಲ್ಲಿ ಹಿಂಜಿ ಬರುತ್ತದೆ. ಆದರೂ ಆ ಬೀದಿಯಲ್ಲಿ ಮದುವೆಯ ದಿಬ್ಬಣ ಹೊರಟರೆ, ಅಂದಾನಪ್ಪನ ಮನೆ ಬರುತ್ತಲೇ ಡೊಳ್ಳಿನವರು ಚರ್ಮದ ಮೇಲೆ ಅಂಗೈ ಒತ್ತಿ ಸುಮ್ಮನೆ ನಡೆಯುತ್ತಾರೆ. ಮನೆ ದಾಟಿದ ಮೇಲೆಯೇ ಮತ್ತೆ ಬಾರಿಸುತ್ತಾರೆ. ಯಾಕೆಂದು ಕೇಳಿದರೆ, "ದಾವಲಸಾಬನ ಪದ್ಧತಿರೀ," ಎನ್ನುತ್ತಾರೆ. ಇದನ್ನು ನಾನೇ ಕಂಡಿದ್ದೇನೆ.

ಇನ್ನೊಂದನ್ನು ಕೇಳಿದ್ದೇನೆ. ಆ ಟೇಪು ಅಂದಾನಪ್ಪನ ತಮ್ಮನ ಮೊಮ್ಮಗಳ ಬಳಿ ಉಳಿದಿತ್ತು. ಅವರ ಒಪ್ಪಿಗೆ ಪಡೆದು, ಯಾವ ಗೋಡೆಯೂ ಯಾವ ಮೂಲೆಯೂ ನಡುವೆ ಬಾರದ ಹಾಗೆ, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಜ್ಜಿ ಹೇಳಿದ್ದು ಸುಳ್ಳಲ್ಲ. ಹಾಡು ಮುಗಿದ ಮೇಲೂ ತಂಬೂರಿ ನುಡಿಯುತ್ತಲೇ ಇರುತ್ತದೆ. ಅದರಡಿಯಲ್ಲಿ ಹುಡುಗಿ ಕೆಮ್ಮುತ್ತಾಳೆ. ಬಹಳ ಹೊತ್ತು ಕೆಮ್ಮುತ್ತಾಳೆ. ಗಂಡಸಿನ ದನಿಯೊಂದು ಅಕ್ಕರೆಯಿಂದ, "ಇನ್ನೊಂದು ಸಲ, ನಮ್ಮವ್ವ," ಎನ್ನುತ್ತದೆ. ಅಜ್ಜಿಯ ಕಥೆಯಲ್ಲಿ ಈ ಮಾತು ಇರಲಿಲ್ಲ. ಆಮೇಲೆ ಅವಳು, "ಸಾಕಪ್ಪಾ," ಎನ್ನುತ್ತಾಳೆ.

ಟೇಪು ಅಲ್ಲಿಗೆ ಮುಗಿಯುವುದಿಲ್ಲ. ಅವಳು ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾಳೆ.