ಹಿಂದಿನ ಚಕ್ರದ ನಲವತ್ತು ಕಡ್ಡಿ

“ಕೇಳ್ರಪ್ಪೋ ಕೇಳಿ! ನಮ್ಮ ದೊರೆ ವೀರಮಲ್ಲರಾಯರು ಸೈಕಲ್ಲಿಂದ ಬಿದ್ದು ತೀರಿಕೊಂಡರಲ್ಲ, ಆ ಮುರಿದ ಚಕ್ರವನ್ನು ಕಚೇರಿಯಲ್ಲಿ ನೇತುಹಾಕಿದೆ. ಅದರ ಬಗ್ಗೆ ದೊರೆಯ ಮಗಳು ಅಮ್ಮಣ್ಣಿ ನಾಗಲಾಂಬಿಕೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯ ಜೊತೆ ಮದುವೆ, ಮೇಲೆ ರಾಜ್ಯ. ಒಂದು ತಪ್ಪಿದರೂ ತಲೆ ಹೋಗುತ್ತದೆ. ದೊರೆಯ ತಿಥಿಯೊಳಗೆ ಯಾರೂ ಬಿಡಿಸದಿದ್ದರೆ, ಚಕ್ರ ಕಟ್ಟಿಕೊಟ್ಟ ಸೈಕಲ್ ಅಂಗಡಿಯ ದಾದಾಪೀರನಿಗೆ ಗಲ್ಲು!”

ಏಳುಬಂಡೆಯ ದೊರೆಗಳು ಆನೆ ಕುದುರೆ ಮಾರಿಕೊಂಡು ಎಷ್ಟೋ ಕಾಲವಾಗಿತ್ತು. ವೀರಮಲ್ಲರಾಯ ದಿನಾ ಬೆಳಿಗ್ಗೆ ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಗುಡ್ಡದ ಮೇಲಿನ ಅರಮನೆಯಿಂದ ಕೆಳಗಿನ ಕಚೇರಿಗೆ ಸೈಕಲ್ಲಿನಲ್ಲೇ ಬರುತ್ತಿದ್ದ. ಮಗಳಿಗೆ ಜ್ವರವೆಂದು ಒಂದು ದಿನ ಒಬ್ಬನೇ ಹೊರಟ. ಇಳಿಜಾರಿನಲ್ಲಿ ಹಿಂದಿನ ಚಕ್ರ ಹಪ್ಪಳದ ಹಾಗೆ ಮಡಚಿಕೊಂಡಿತು. ತಲೆ ಮೈಲಿಗಲ್ಲಿಗೆ ಬಡಿಯಿತು.

ಮೊದಲು ಬಂದವನು ಸೇನಾಪತಿಯ ಮಗ. ಅಮ್ಮಣ್ಣಿ ಕೇಳಿದಳು: “ನಲವತ್ತು ಮಂದಿ ಅಣ್ಣತಮ್ಮಂದಿರು ಒಂದು ಮನೆಯನ್ನು ಎಳೆದು ಹಿಡಿದಿದ್ದರು. ಒಬ್ಬ ಸತ್ತ. ನಾಲ್ಕು ದಿನಕ್ಕೆ ಅವನ ಪಕ್ಕದವನು ಸತ್ತ, ಮಾರನೆಯ ದಿನ ಇನ್ನೊಬ್ಬ. ರೋಗವಿಲ್ಲ, ಏಟಿಲ್ಲ. ಪಕ್ಕದವರನ್ನು ಕೊಂದದ್ದು ಯಾರು?”

“ಶತ್ರುಗಳು!” ಎಂದ. ಅವನ ತಲೆ ಹೋಯಿತು. ಎರಡನೆಯವನು ಆಸ್ಥಾನ ಜೋಯಿಸರ ಮಗ. ಶನಿಯ ಕಾಟ ಎಂದ. ಅವನದೂ ಹೋಯಿತು.

ಮೂರನೆಯವನು ಧಾನ್ಯದ ಸಾಹುಕಾರನ ಮಗ, ಚುರುಕು ಹುಡುಗ. “ಅಣ್ಣತಮ್ಮಂದಿರು ಅಂದರೆ ಈ ಚಕ್ರದ ಕಡ್ಡಿಗಳು. ಕೊಂದವನು ಇದನ್ನು ಕಟ್ಟಿದ ದಾದಾಪೀರ್!” ಜನ ಭೇಷ್ ಭೇಷ್ ಎಂದರು. ಅಮ್ಮಣ್ಣಿ ಕಣ್ಣು ಮುಚ್ಚಿಕೊಂಡು, “ತಪ್ಪು,” ಎಂದಳು. ಅವನನ್ನೂ ಎಳೆದುಕೊಂಡು ಹೋದರು.

ಗುಂಪಿನಲ್ಲಿ ದುರುಗಪ್ಪ ನಿಂತಿದ್ದ. ಸೈಕಲ್ ಮೇಲೆ ಉಪ್ಪಿನ ಮೂಟೆ ಹೇರಿಕೊಂಡು ಊರೂರು ತಿರುಗುವವನು. ಈ ಊರಿಗೆ ಬಂದಾಗೆಲ್ಲ ದಾದಾಪೀರನ ಅಂಗಡಿಯಲ್ಲೇ ಮಲಗುತ್ತಿದ್ದ, ಅಲ್ಲೇ ಕಡ್ಡಿ ಕಟ್ಟುವುದನ್ನೂ ಕಲಿತಿದ್ದ. ಈಗ ಆ ಉಸ್ತಾದ್ ಸೆರೆಯಲ್ಲಿದ್ದ, ನಾಳೆ ತಿಥಿ.

“ಅಣ್ಣಾ, ಒಂದು ಮಾತು,” ಎಂದು ಪಕ್ಕದವನನ್ನು ತಿವಿದ. “ಉಸ್ತಾದ್ ಕೊಂದಿಲ್ಲ ಅಂತ ಅಮ್ಮಣ್ಣಿಗೇ ಗೊತ್ತು. ಇಲ್ಲದಿದ್ರೆ ಆ ಉತ್ತರ ತಪ್ಪು ಹೇಗಾಯ್ತು? ಗೊತ್ತಿದ್ದೂ ಯಾಕೆ ಕೂಡಿಹಾಕಿದಾರೆ?”

“ಅದನ್ನ ಕೇಳೋಕೆ ನಿನಗೇನು ಎರಡು ತಲೆ ಇದೆಯೇನೋ? ನಡಿ ಸುಮ್ನೆ.”

ದುರುಗಪ್ಪ ನಡೆದ, ಆದರೆ ಮುಂದಕ್ಕೆ. ಬಾಗಿಲಲ್ಲಿ ಕಾವಲಿನವನು ನಕ್ಕ. “ಮೂಟೆ ಇಲ್ಲೇ ಇಟ್ಟು ಹೋಗಪ್ಪ. ಆಮೇಲೆ ನಾವು ಹಂಚ್ಕೊಳ್ತೀವಿ.”

ದುರುಗಪ್ಪ ಒಳಗೆ ಹೋಗಿ ಚಕ್ರವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದ. ಒಂದು ಕಡೆ ಅವನ ಬೆರಳು ನಿಂತಿತು. ಬೇಗ ತೆಗೆದುಬಿಟ್ಟ.

“ಮೊದಲನೆಯದಕ್ಕೆ ಏನು ಹೇಳ್ತೀಯ?” ಎಂದಳು ಅಮ್ಮಣ್ಣಿ.

“ಮೊದಲು ಸತ್ತವನ ಹೊರೆ, ತಾಯಿ. ಒಂದು ಕಡ್ಡಿ ಹೋದರೆ ಅದು ಎಳೀತಿದ್ದ ಭಾರ ಪಕ್ಕದ್ದರ ಮೇಲೆ ಬೀಳುತ್ತೆ. ಅದು ಹೋದರೆ ಅದರ ಪಕ್ಕದ್ದರ ಮೇಲೆ.”

ಅಮ್ಮಣ್ಣಿ ಸರಿ ಎಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು:

“ಹಾಗಾದರೆ ಮೊದಲು ಸತ್ತವನು ಯಾರು? ಹಗಲೂ ರಾತ್ರಿ ಬಿಗಿಯಾಗಿ ನಿಂತಿದ್ದವನೋ, ಸಡಿಲವಾಗಿ ಆರಾಮಾಗಿದ್ದವನೋ?”

“ಬಿಗಿಯಾಗಿದ್ದವನೇ, ಅದರಲ್ಲೇನಿದೆ,” ಎಂದು ಹಿಂದೆ ಯಾರೋ ಗೊಣಗಿದರು.

“ಅಲ್ಲ. ಸಡಿಲ ಇದ್ದವನು,” ಎಂದ ದುರುಗಪ್ಪ. “ ಬಿಗಿ ಇರೋ ಕಡ್ಡಿ ಅಲ್ಲಾಡಲ್ಲ. ಸಡಿಲ ಇರೋದು ಸುತ್ತು ಸುತ್ತಿಗೂ ಬಗ್ಗುತ್ತೆ, ಮತ್ತೆ ನೆಟ್ಟಗಾಗುತ್ತೆ. ತಂತೀನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ದರೆ ತುಂಡಾಗಲ್ವಾ? ಹಾಗೆ, ನಡುವೆ ಅಚ್ಚಿಗೆ ಸಿಕ್ಕಿಸೋ ಕತ್ತಿನ ಹತ್ತಿರ. ಹೊಸ ಕಡ್ಡಿ ಸ್ವಲ್ಪ ದಿನಕ್ಕೆ ಸಡಿಲ ಆಗೇ ಆಗುತ್ತೆ. ತಂದು ಬಿಗಿ ಮಾಡಿಸ್ಕೊಂಡು ಹೋಗಿ ಅಂತ ಉಸ್ತಾದ್ ಎಲ್ಲರಿಗೂ ಹೇಳಿ ಕಳಿಸ್ತಾರೆ.”

ಮೂರನೆಯದಕ್ಕೆ ಅಮ್ಮಣ್ಣಿಯ ದನಿ ಇಳಿಯಿತು. “ಸತ್ತವನು ಸತ್ತ ಮೇಲೂ ಕೂಗುತ್ತಿದ್ದ. ಅವನ ಬಾಯಿ ಕಟ್ಟಿದವರು ಯಾರು?”

ಬೆರಳು ನಿಂತಿದ್ದ ಕಡೆಗೇ ದುರುಗಪ್ಪ ಮತ್ತೆ ನೋಡಿದ. ಮುರಿದ ಕಡ್ಡಿ ಸುತ್ತಿಗೊಂದು ಸಲ ಚೌಕಟ್ಟಿಗೆ ಬಡಿದು ಟಿಣ್ ಎನ್ನುತ್ತದೆ. ಆ ಸದ್ದು ತಡೆಯಲಾರದೆ ಜನ ಅದನ್ನು ಪಕ್ಕದ ಕಡ್ಡಿಗೆ ಸುತ್ತಿ ಕಟ್ಟಿ, ಹಾಗೇ ತುಳಿದುಕೊಂಡು ಹೋಗುತ್ತಾರೆ. ಅವನೂ ಎಷ್ಟೋ ಸಲ ಕಟ್ಟಿದ್ದ, ಚಿಂದಿಯಲ್ಲೋ ತಂತಿಯಲ್ಲೋ. ಇಲ್ಲಿ ಕಟ್ಟಿದ್ದು ಕೆಂಪು ರೇಷ್ಮೆಯ ಎಳೆ. ಅದೇ ಕೆಂಪಿನ ಕುಚ್ಚು ಎದುರಿಗೆ ಅಮ್ಮಣ್ಣಿಯ ಜಡೆಯಲ್ಲಿತ್ತು.

ತಪ್ಪು ಹೇಳಿದರೆ ತಲೆ ಹೋಗುತ್ತದೆ. ಸರಿ ಹೇಳಿದರೂ ಹೋಗಬಹುದು. ಹೇಳದಿದ್ದರೆ ನಾಳೆ ಉಸ್ತಾದನದು.

“ನೀವು, ತಾಯಿ,” ಎಂದ.

ಕತ್ತಿಗಳು ಹೊರಬಂದವು. ಅಮ್ಮಣ್ಣಿ ಕೈ ಎತ್ತಿ ತಡೆದಳು.

“ಸರಿಯಾಗಿ ಹೇಳಿದ. ಸದ್ದು ಶುರುವಾದ ದಿನ ಅಪ್ಪಾಜಿ, ದಾದಾಪೀರನ ಹತ್ತಿರ ನಿಲ್ಲಿಸೋಣ ಮಗಳೇ ಅಂದರು. ಆ ಎಣ್ಣೆ ಜಿಡ್ಡಿನ ಅಂಗಡಿ ಮುಂದೆ ಯಾರು ಕಾಯೋರು ಅಂತ ನಾನೇ ಇಳಿದು ಕಟ್ಟಿದೆ. ಸದ್ದು ನಿಂತಿತು. ಸರಿಹೋಯ್ತು ಅಂದುಕೊಂಡರು ಅವರು.” ಜಡೆಯ ಕುಚ್ಚು ಹಿಡಿದುಕೊಂಡು ಹೇಳಿದಳು: “ನಾನಾಗಿ ಹೇಳೋಕೆ ಬಾಯಿ ಬರಲಿಲ್ಲ. ಯಾರಾದರೂ ಹೇಳಲಿ ಅಂತ ಕಾದೆ.”

“ಕಾಯೋದಕ್ಕೆ ಮೂರು ತಲೆ ಬೇಕಾಯ್ತಾ, ತಾಯಿ?”

ಅವಳು ಮುದ್ರೆಯುಂಗುರ ಬಿಚ್ಚಿ ಚಾಚಿದಳು. “ಮಾತು ಮಾತೇ. ರಾಜ್ಯ ನಿನ್ನದು, ನಾನೂ.”

“ಒಂದೂರಲ್ಲಿ ತಿಂಗಳು ನಿಂತರೆ ನನಗೆ ಕಾಲು ಜೋಮು ಹಿಡಿಯುತ್ತೆ. ರಾಜ್ಯ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ಎರಡು ಮಾತು ನಡೆಸಿಕೊಡಿ. ಉಸ್ತಾದನ್ನ ಈಗಲೇ ಬಿಡಿ. ಆಮೇಲೆ ಆ ಮೂರು ಮನೆಗೆ ನೀವೇ ಹೋಗಿ, ಅವರ ಮಕ್ಕಳು ಯಾಕೆ ಸತ್ತರು ಅಂತ ಹೇಳಿ. ಆಳು ಕಳಿಸಬೇಡಿ.”

ದಾದಾಪೀರ್ ಹೊರಬಂದ. ವಿಚಾರಣೆಯಲ್ಲಿ ಬಲಗೈ ಬೆರಳುಗಳನ್ನು ಮುರಿದುಹಾಕಿದ್ದರು. ದುರುಗಪ್ಪ ಮೂಟೆ ಇಳಿಸಿ ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ತಳ್ಳಿಕೊಂಡೇ ಹೊರಟ. ಬಹುಮಾನವಾಗಿ ಅವನಿಗೆ ದಕ್ಕಿದ್ದು ಅದೇ, ತನಗಾಗಿ ಕೇಳಿದ್ದೂ ಅದನ್ನೇ.

ಅಮ್ಮಣ್ಣಿ ಆ ಮೂರು ಮನೆಗೂ ನಡೆದುಕೊಂಡು ಹೋದಳು. ಸೇನಾಪತಿ ತಲೆ ತಗ್ಗಿಸಿ ಕೇಳಿಸಿಕೊಂಡ. ಜೋಯಿಸರು ಹೊರಗೇ ಬರಲಿಲ್ಲ. ಸಾಹುಕಾರನ ಮನೆಯಲ್ಲಿ ತಾಯಿ ಬಾಗಿಲು ತೆಗೆದು ಪೂರ್ತಿ ಕೇಳಿದಳು.

“ಸರಿಯಾದ ಉತ್ತರ ನಿನ್ನ ಹತ್ತಿರಾನೇ ಇತ್ತಾ?”

“ಇತ್ತು.”

“ನನ್ನ ಮಗನ್ನ ಎಳ್ಕೊಂಡು ಹೋಗೋವಾಗಲೂ?”

“ಆವಾಗಲೂ.”

ಆ ತಾಯಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.