ಹಲಗೆ ಹತ್ತಿದ ಬೀಗಿತ್ತಿ

ಮೆಕ್ಸಿಕೋ ದೇಶದ ವೆರಾಕ್ರೂಜ್ ಕರಾವಳಿಯಲ್ಲಿ, ನದಿಯ ದಂಡೆಯ ಮೇಲಿನ ಒಂದು ಊರಿನಲ್ಲಿ ಮಕಾರಿಯೊ ಎಂಬ ಮೇಷ್ಟ್ರಿದ್ದರು. ಹರಾನಾ ಎಂಬ ಪುಟ್ಟ ಗಿಟಾರು ಕಲಿಸುತ್ತಿದ್ದರು. ಅವರು ಬಾರಿಸತೊಡಗಿದರೆ ಮುದುಕರ ಕಾಲೂ ಸುಮ್ಮನಿರುತ್ತಿರಲಿಲ್ಲ.

ಶಿಷ್ಯ ಕ್ರಿಸಾಂತೊನಿಗೆ ಮೇಷ್ಟ್ರೆಂದರೆ ಪ್ರಾಣ. ತನ್ನ ಊರೆಂದರೆ ಇನ್ನೂ ಒಂದು ಕೈ ಹೆಚ್ಚು.

ಆ ದಿನ ಊರಿನ ಹುಡುಗನಿಗೂ ಬೆಟ್ಟದ ಸೀಮೆಯ ಹುಡುಗಿಗೂ ಮದುವೆ. ಅಂಗಳದಲ್ಲಿ ದೊಡ್ಡ ಮರದ ಹಲಗೆ ಇಟ್ಟಿದ್ದರು. ಆ ಕರಾವಳಿಯವರು ಕುಣಿಯುವುದು ಹಲಗೆಯ ಮೇಲೆ. ಹಿಮ್ಮಡಿಯೇ ಅವರ ಮದ್ದಳೆ.

ಮೇಷ್ಟ್ರು ಬಾರಿಸಿದರು. ಮದುಮಗಳು ಹಲಗೆ ಹತ್ತಿ ಕುಣಿದಳು. ತುಂಬಿದ ಸಭೆಯಲ್ಲಿ ಕ್ರಿಸಾಂತೊ ಹಾಡುತ್ತಿದ್ದುದು ಅದೇ ಮೊದಲು. ಹುರುಪಿನಲ್ಲಿ ಅಲ್ಲೇ ಪದ ಕಟ್ಟಿ ಹಾಡಿಬಿಟ್ಟ: ಕಡಲ ಮಕ್ಕಳು ಹುಟ್ಟುತ್ತಲೇ ಕುಣಿಯುತ್ತಾರೆ, ಬೆಟ್ಟದವರದು ಕಲ್ಲಿನ ಕಾಲು!

ಗಂಡಿನ ಕಡೆಯವರು ಹೋ ಎಂದು ನಕ್ಕರು.

ಮದುಮಗಳು ಹಲಗೆಯಿಂದ ಇಳಿದಳು. ಅವಳ ತಾಯಿ ಇಲಾರಿಯಾ ಶಾಲು ಹೊದ್ದು ಹೊರಡಲು ಎದ್ದಳು.

ಮೇಷ್ಟ್ರ ಕೈ ನಿಂತಿತು.

"ನಾನೇನು ಸುಳ್ಳು ಹೇಳಿದೆನೇ ಮೇಷ್ಟ್ರೇ? ನಮ್ಮ ತಂತಿಗೆ ಕುಣಿಯದವರು ಯಾರಿದ್ದಾರೆ?" ಎಂದ ಕ್ರಿಸಾಂತೊ.

"ಅಗೋ, ಅಲ್ಲೊಬ್ಬರು ಹೊರಟಿದ್ದಾರೆ." ಮೇಷ್ಟ್ರು ತಮ್ಮ ಹರಾನಾವನ್ನೇ ಅವನ ಕೈಗಿತ್ತರು. "ಹೋಗು, ಕುಣಿಸು."

ಅವನ ಕಿವಿಯವರೆಗೂ ಬಿಸಿಯೇರಿತು. ಎಲ್ಲರ ಕಣ್ಣೆದುರೇ ಅಂಗಳ ದಾಟಿ ಇಲಾರಿಯಾಳ ಮುಂದೆ ನಿಂತ.

"ತಪ್ಪಾಯಿತಮ್ಮಾ. ನಿಮ್ಮ ಕಡೆ ಹೆಜ್ಜೆ ಹೇಗೆ ಹಾಕುತ್ತೀರಿ?"

"ನಮ್ಮದು ಕಲ್ಲಿನ ಕಾಲಪ್ಪಾ."

"ನೀವು ಹಾಕಿ. ನಾನು ಬಾರಿಸುತ್ತಾ ನಿಮ್ಮ ಹೆಜ್ಜೆಯ ಹಿಂದೆ ಬರುತ್ತೇನೆ."

ಇಲಾರಿಯಾ ಮಗಳ ಕಡೆ ನೋಡಿದಳು. ಮಗಳ ಕಣ್ಣು ಒದ್ದೆಯಾಗಿತ್ತು. ತಾಯಿ ಲಂಗ ಎತ್ತಿ ಹಿಡಿದು ಹಲಗೆ ಹತ್ತಿದಳು, ಎಡಗಾಲನ್ನು ನಿಧಾನವಾಗಿ, ಭಾರವಾಗಿ ಊರಿದಳು.

ಓಟದ ತಾಳಕ್ಕೆ ಒಗ್ಗಿದ ಕ್ರಿಸಾಂತೊನ ಬೆರಳು ತಡವರಿಸಿತು. ತಪ್ಪಿತು. ಮತ್ತೆ ತಪ್ಪಿತು. ಆಮೇಲೆ ಆ ಹೆಜ್ಜೆ ಅವನ ಕೈಗೆ ಸಿಕ್ಕಿತು.

ಹಲಗೆ ಗುಡುಗಿತು. ಮಗಳು ಓಡಿಬಂದು ತಾಯಿಯ ಎದುರು ನಿಂತು ಕುಣಿದಳು. ಆಗ ನಕ್ಕವರೇ ಈಗ ಟೋಪಿ ತೆಗೆದು ಬೀಸುತ್ತಾ ಕೇಕೆ ಹಾಕಿದರು. ಕ್ರಿಸಾಂತೊನ ಎದೆ ಉಬ್ಬಿಬಂತು. ಏಕೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

"ಮೇಷ್ಟ್ರೇ, ಇದು ನಮ್ಮ ಹೆಜ್ಜೆಯಲ್ಲವಲ್ಲ!" ಎಂದು ಕೂಗಿದ.

"ಹಲಗೆ ನಮ್ಮದು," ಎಂದರು ಮೇಷ್ಟ್ರು. "ಇನ್ನೂ ಜೋರಾಗಿ ಬಾರಿಸು, ಬೆಟ್ಟಕ್ಕೆ ಕೇಳಲಿ."